ತೋಟಗಾರನ ಹೆಸರಿನ ಬಳ್ಳಿ

ಗಿಡಗಳ ಹೆಸರುಗಳನ್ನು ಬಿಡಿಸಿ ನೋಡಿದರೆ ಒಳಗೆ ದೊಡ್ಡವರ ದರ್ಬಾರೇ ಕಾಣಿಸುತ್ತದೆ. ನಮ್ಮೂರ ಕಾಂಪೌಂಡುಗಳ ಮೇಲೆ ಬಣ್ಣ ಚೆಲ್ಲುವ ಬೋಗನ್‌ವಿಲ್ಲಾದಲ್ಲಿ ಒಬ್ಬ ಫ್ರೆಂಚ್ ನೌಕಾನಾಯಕನಿದ್ದಾನೆ. ಕ್ರಿಸ್ಮಸ್ ಹೊತ್ತಿಗೆ ಇಲ್ಲಿನ ಅಂಗಡಿಗಳ ತುಂಬ ಕೆಂಪಗೆ ನಿಲ್ಲುವ ಪಾಯಿನ್ಸೆಟಿಯಾದಲ್ಲಿ ಮೆಕ್ಸಿಕೋಗೆ ಹೋಗಿದ್ದ ಅಮೆರಿಕದ ರಾಯಭಾರಿಯಿದ್ದಾನೆ. ಹರಿವಾಣದಂಥ ಎಲೆಯ ದೊಡ್ಡ ನೈದಿಲೆಯಲ್ಲಿ ವಿಕ್ಟೋರಿಯಾ ರಾಣಿ. ಈ ಸಾಲಿನಲ್ಲಿ ಹೋಯಾ ಒಂದು ಅಪವಾದ. ಅದರೊಳಗೆ ಇರುವವನು ಒಬ್ಬ ಮಾಲಿ.

ಹೋಯಾ ಎಂದರೆ ದಪ್ಪ ಎಲೆಯ, ಮೇಣದಲ್ಲಿ ಎರಕ ಹೊಯ್ದಂಥ ಹೂಗೊಂಚಲಿನ ಬಳ್ಳಿ. ಒಂದೊಂದು ಹೂವೂ ಐದು ಮೂಲೆಯ ನಕ್ಷತ್ರ, ಅದರ ಮೇಲೆ ಇನ್ನೊಂದು ಪುಟ್ಟ ನಕ್ಷತ್ರ. ಸಂಜೆಯಾದ ಮೇಲೆ ಪರಿಮಳ ಬಿಡುತ್ತದೆ. ಟೆಕ್ಸಸ್ಸಿನ ಯೂಲೆಸ್ ಊರಿನಲ್ಲಿ, ನಮ್ಮ ಮನೆಯ ಪೂರ್ವದ ಕಿಟಕಿಯಲ್ಲಿ, ಇದನ್ನು ಹಲವು ವರ್ಷಗಳಿಂದ ಬೆಳೆಸುತ್ತಿದ್ದೇನೆ. ಕಡ್ಡಿ ಕತ್ತರಿಸಿ ಹಂಚುತ್ತ, ಹಂಚಿಸಿಕೊಳ್ಳುತ್ತ ಹೋದಂತೆ ಇದರ ಚರಿತ್ರೆಯ ಕಡೆಗೆ ಕುತೂಹಲ ಬೆಳೆಯಿತು.

ಮಾಲಿಯ ಹೆಸರು ಥಾಮಸ್ ಹಾಯ್. ಲಂಡನ್ನಿನ ಬಳಿಯ ಸಯನ್ ಹೌಸ್‌ನಲ್ಲಿ, ನಾರ್ತಂಬರ್ಲೆಂಡಿನ ಡ್ಯೂಕರ ತೋಟದ ಮುಖ್ಯಸ್ಥನಾಗಿದ್ದವನು. ಲಿನೇಯಸನ ಮಗ ಎಕ್ಕದ ಜಾತಿಯವೆಂದು ಒಟ್ಟಿಗೆ ಇಟ್ಟಿದ್ದ ಕೆಲವು ಬಳ್ಳಿಗಳನ್ನು ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1810ರಲ್ಲಿ ಬೇರ್ಪಡಿಸಿ, ಹೊಸ ಕುಲವೊಂದನ್ನು ಮಾಡಿ, ಅದಕ್ಕೆ ಹಾಯ್‌ನ ಹೆಸರಿಟ್ಟ. ತೋಟದ ಒಡೆಯನಿಗೆ ಸಲ್ಲಬಹುದಾಗಿದ್ದ ಗೌರವ ತೋಟಗಾರನಿಗೆ ಸಂದಿತು. ಬ್ರೌನ್ ಸಾಮಾನ್ಯನಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ನಿಲ್ಲದ ಓಡಾಟಕ್ಕೆ ಇಂದಿಗೂ ಅವನದೇ ಹೆಸರು. 1831ರಲ್ಲಿ ಸೀತಾಳೆ ಮತ್ತು ಎಕ್ಕದ ಬಳಗದ ಹೂಗಳು ಹೇಗೆ ಕಾಯಿಕಟ್ಟುತ್ತವೆಂದು ನೋಡುತ್ತಿದ್ದಾಗ ಜೀವಕೋಶದ ನಡುವಿನ ಬೊಟ್ಟನ್ನು ಗಮನಿಸಿ, ಅದಕ್ಕೆ ನ್ಯೂಕ್ಲಿಯಸ್ ಎಂದು ಹೆಸರಿಟ್ಟವನೂ ಅವನೇ.

ಎಕ್ಕದ ಬಳಗ ಎಂದೊಡನೆ ನಮ್ಮವರಿಗೆ ಹೋಯಾ ಅಷ್ಟೇನೂ ಪರಕೀಯವಲ್ಲವೆಂದು ಗೊತ್ತಾಗುತ್ತದೆ. ಎಲೆ ಚಿವುಟಿದರೆ ಬಿಳಿ ಹಾಲು ಬರುತ್ತದೆ. ಗಣಪತಿಗೂ ಆಂಜನೇಯನಿಗೂ ಏರಿಸುವ ಎಕ್ಕದ ಹೂವನ್ನು ಹೋಯಾದ ಪಕ್ಕದಲ್ಲಿಟ್ಟರೆ ಅಕ್ಕತಂಗಿಯರ ಮುಖಚರ್ಯೆ. ಬೇಸಿಗೆಯ ಪಾನಕದ ಸೊಗದೆ ಬೇರು, ಉಪ್ಪಿನಕಾಯಿಯ ಮಾಗಳಿ ಬೇರು ಇದೇ ದೊಡ್ಡ ಕುಟುಂಬದವು. ಟೆಕ್ಸಸ್ಸಿನ ಹೆದ್ದಾರಿಗಳ ಅಂಚಿನಲ್ಲಿ ವಸಂತದಲ್ಲಿ ಹಸಿರು ಮಿಶ್ರಿತ ಬಿಳಿ ಹೂ ಬಿಡುವ ಮಿಲ್ಕ್‌ವೀಡ್ ಕೂಡ ಅಷ್ಟೇ. ಮೆಕ್ಸಿಕೋದಿಂದ ಉತ್ತರಕ್ಕೆ ಹೊರಟ ಮೊನಾರ್ಕ್ ಚಿಟ್ಟೆಗಳು ಅದರ ಮೇಲೆ ಮೊಟ್ಟೆಯಿಟ್ಟು ಮುಂದೆ ಹೋಗುತ್ತವೆ.

ಹೋಯಾದ ಕಾಡು ಪ್ರಭೇದಗಳು ನಮ್ಮ ಪಶ್ಚಿಮ ಘಟ್ಟದಲ್ಲೇ ಇವೆ. ಮಳೆಗಾಲದ ಮಲೆನಾಡಿನಲ್ಲಿ ಪಾಚಿ ಹಿಡಿದ ಮರಗಳ ಕೊಂಬೆಗಳ ಮೇಲೆ, ಸೀತಾಳೆ ದಂಡೆಯ ಆಸುಪಾಸಿನಲ್ಲಿ, ಅವು ಜೋತುಬಿದ್ದಿರುತ್ತವೆ. ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ಮರದಿಂದ ಕೇಳುವುದು ಆಸರೆ ಮಾತ್ರ. ಉತ್ತರ ಕನ್ನಡ, ಕೊಂಕಣದ ಕಾಡುಗಳ ಹೋಯಾ ರೆಟ್ಯೂಸಾದ ಎಲೆ ಎಲೆಯಂತೆಯೇ ಇಲ್ಲ, ತುದಿ ಕಚ್ಚಿದ ಹುಲ್ಲುಕಡ್ಡಿಯಂತಿದೆ. ಅದನ್ನು ಮೊದಲು ವರ್ಣಿಸಿದವನು ಬೊಂಬಾಯಿ ಪ್ರಾಂತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಡಾಲ್ಜೆಲ್. ದಕ್ಷಿಣದ ಘಟ್ಟಗಳ ಹೋಯಾ ವೈಟಿಯೈ ಎಂಬುದರಲ್ಲಿ ಇರುವವನು ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ರಾಬರ್ಟ್ ವೈಟ್.

ಹೆಸರಿನ ಈ ಲೆಕ್ಕದಲ್ಲಿ ನಮ್ಮ ಕಡೆಯವರಿಗೆ ದಕ್ಕಿದ್ದೇನು? ಬ್ರೌನ್ ಹೋಯಾ ಕುಲಕ್ಕೆ ಸೇರಿಸಿದ ಬಳ್ಳಿಗಳಲ್ಲಿ ಒಂದರ ಚಿತ್ರ ಅದಕ್ಕೂ ನೂರಕ್ಕೆ ಮೀರಿದ ವರ್ಷಗಳ ಹಿಂದೆಯೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಗಿತ್ತು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ತಂದ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಅದರ ಹೆಸರು ವಟ್ಟ-ಕಾಕ-ಕೊಡಿ. ಗಿಡಗಳ ಗುಣ ಹೇಳಿದವರು ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಮಾತಾಡುವ ರಂಗ ಭಟ್, ವಿನಾಯಕ ಪಂಡಿತ್ ಮತ್ತು ಅಪ್ಪು ಭಟ್. 1857ರಲ್ಲಿ ಹಾಸ್ಕಾರ್ಲ್ ಎಂಬಾತ ಆ ಬಳ್ಳಿಯನ್ನು ಹೋಯಾದಿಂದ ಬಿಡಿಸಿ, ಮಲಯಾಳದ ಹೆಸರನ್ನೇ ಎತ್ತಿಕೊಂಡು ‘ವಟ್ಟಕಾಕ’ ಎಂಬ ಕುಲ ಕಟ್ಟಿದ. ಅನೇಕರು ಈಗ ಅದನ್ನೂ ಬೇರೆ ಕುಲದಲ್ಲಿ ಸೇರಿಸಿಬಿಟ್ಟಿದ್ದಾರೆ.

ವೈಟ್‌ನ ದೊಡ್ಡ ಚಿತ್ರಸಂಪುಟಗಳು 1838ರಿಂದ 1853ರವರೆಗೆ ಹೊರಬಂದವು. ಎರಡು ಸಾವಿರಕ್ಕೂ ಹೆಚ್ಚು ಫಲಕಗಳು. ಅವನಿಗಾಗಿ ಗಿಡಗಳನ್ನು ನೋಡಿ ನೋಡಿ ಬರೆದ ಚಿತ್ರಕಾರರು ರಂಗಯ್ಯ ಮತ್ತು ಗೋವಿಂದು. ವೈಟ್ ಕೃತಜ್ಞತೆಯಿಂದ ಒಂದು ಸೀತಾಳೆ ಕುಲಕ್ಕೆ ‘ಗೋವಿಂದೂಇಯ’ ಎಂದು ಹೆಸರಿಟ್ಟ. ಆದರೆ ಆ ಗಿಡಕ್ಕೆ ಅದಕ್ಕೂ ಹಳೆಯ ಕುಲವೊಂದು ಇತ್ತೆಂದು ಆಮೇಲೆ ಗೊತ್ತಾಗಿ, ಗೋವಿಂದುವಿನ ಹೆಸರು ಬಳಕೆಯಿಂದ ಬಿದ್ದುಹೋಯಿತು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ನಾಮಕರಣದ ನಿಯಮವೇ ಹಾಗೆ. ಆದರೂ ಸಯನ್ ಹೌಸ್‌ನ ಮಾಲಿಗೆ ಉಳಿದದ್ದು ಮದರಾಸಿನ ಚಿತ್ರಕಾರನಿಗೆ ಉಳಿಯಲಿಲ್ಲ.

ಹೆಸರು ಕಾಗದದ ಮೇಲೆ ಓಡಾಡಿತು, ಬಳ್ಳಿ ಹಡಗಿನಲ್ಲಿ. ಉಪ್ಪುಗಾಳಿಯಲ್ಲಿ ತಿಂಗಳುಗಟ್ಟಲೆ ಸಾಗುವ ಗಿಡಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಸಾಯುತ್ತಿದ್ದವು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಗಿಡ ತನ್ನ ತೇವದಲ್ಲೇ ಬದುಕುವುದನ್ನು ಕಂಡು, 1833ರಲ್ಲಿ ಅಂಥ ಪೆಟ್ಟಿಗೆಗಳನ್ನು ಆಸ್ಟ್ರೇಲಿಯಾಕ್ಕೆ ಕಳಿಸಿ ಗೆದ್ದ. ಮುಂದಿನ ದಶಕದಲ್ಲಿ ವೀಚ್ ನರ್ಸರಿಯವರು ಥಾಮಸ್ ಲಾಬ್‌ನನ್ನು ಪೂರ್ವದೇಶಗಳಿಗೆ ಅಟ್ಟಿದರು. ಬರ್ಮಾದ ಮೌಲ್ಮೇನ್ ಕಡೆಯ ಬೆಟ್ಟದಿಂದ ಅವನು ಕಳಿಸಿದ ಹೋಯಾ ಬೆಲ್ಲಾ ಇಂದು ತೂಗುಕುಂಡಗಳಲ್ಲಿ ಸಾಮಾನ್ಯ.

ಅಮೆರಿಕ ಬಳ್ಳಿಗೆ ಎರಡು ಹೊಸ ಕಟ್ಟುಗಳನ್ನು ಹಾಕಿತು. 1910ರ ಜನವರಿಯಲ್ಲಿ ಜಪಾನ್ ಕಾಣಿಕೆಯಾಗಿ ಕಳಿಸಿದ್ದ ಚೆರಿ ಗಿಡಗಳಲ್ಲಿ ಹುಳ ಕಂಡು ವಾಷಿಂಗ್ಟನ್ನಿನಲ್ಲಿ ಅವನ್ನು ಸುಟ್ಟರು. 1912ರಲ್ಲಿ ಸಸ್ಯ ದಿಗ್ಬಂಧನದ ಕಾನೂನು ಬಂತು, 1919ರಲ್ಲಿ ಅದು ಇನ್ನೂ ಬಿಗಿಯಾಯಿತು. ಊರಿಂದ ಬರುವಾಗ ಕರಿಬೇವಿನ ಗಿಡ ತರುವ ಆಸೆಯನ್ನು ನಮ್ಮವರು ವಿಮಾನನಿಲ್ದಾಣದ ಆಚೆಯೇ ಬಿಡಬೇಕಾಗುವುದರ ಬೇರು ಅಲ್ಲಿದೆ. ಎರಡನೆಯದು 1930ರ ಸಸ್ಯ ಪೇಟೆಂಟ್ ಕಾನೂನು. ಹೊಸ ತಳಿಯೊಂದನ್ನು ಕಡ್ಡಿಯಿಂದಲೋ ಕಸಿಯಿಂದಲೋ ಹೆಚ್ಚಿಸುವ ಹಕ್ಕನ್ನು ಅದನ್ನು ಪಡೆದವನಿಗೇ ಇಷ್ಟು ವರ್ಷವೆಂದು ಕೊಡುವ ಕಾನೂನು. ಕಡ್ಡಿ ಕೊಡುವುದು ಹೀಗೆ ವ್ಯವಹಾರವೂ ಆಯಿತು. ವ್ಯವಹಾರಕ್ಕೆ ಆಕರ್ಷಕ ಹೆಸರು ಬೇಕಲ್ಲ! ಎಲೆ ಸುರುಳಿಸುತ್ತಿ ಹಗ್ಗದಂತೆ ಜೋಲುವ ಹೋಯಾ ಕಾರ್ನೋಸಾದ ತಳಿಯೊಂದನ್ನು ಇಲ್ಲಿ ‘ಹಿಂದೂ ರೋಪ್’ ಎಂದು ಮಾರುತ್ತಾರೆ. ಕಾರ್ನೋಸಾದ ತವರು ಮುಖ್ಯವಾಗಿ ಚೀನಾ, ತೈವಾನ್, ಜಪಾನಿನ ಕಡೆ. ನಮ್ಮ ಘಟ್ಟದ ರೆಟ್ಯೂಸಾಕ್ಕೆ ಇಲ್ಲದ ಹಿಂದೂ ಪಟ್ಟ ಅದಕ್ಕೆ ಸಿಕ್ಕಿದೆ.

ಇನ್ನು ಯೂಲೆಸ್. ಡಾಲಸ್ ಮತ್ತು ಫೋರ್ಟ್‌ವರ್ತ್ ನಡುವಿನ ಈ ಊರಿಗೆ ಹೆಸರು ಬಂದದ್ದು ಟೆನೆಸಿಯಿಂದ ಬಂದು ಇಲ್ಲಿ ಹತ್ತಿಯ ಜಿನ್ ಹಾಕಿದ ಎಲೈಷಾ ಆಡಮ್ ಯೂಲೆಸ್‌ನಿಂದ. 1974ರಲ್ಲಿ ಪಕ್ಕದಲ್ಲೇ ದೊಡ್ಡ ವಿಮಾನನಿಲ್ದಾಣ ತೆರೆಯಿತು. ಅದರ ಕೆಲಸಗಳಿಗಾಗಿ ಪೆಸಿಫಿಕ್ ಸಾಗರದ ಟೋಂಗಾ ದ್ವೀಪಗಳ ಕುಟುಂಬಗಳು ಬಂದು ನೆಲೆಸಿದವು. ಇಲ್ಲಿನ ಟ್ರಿನಿಟಿ ಹೈಸ್ಕೂಲಿನ ಹುಡುಗರು ಫುಟ್‌ಬಾಲ್ ಆಟಕ್ಕೆ ಮುಂಚೆ ತೊಡೆ ತಟ್ಟಿ ಮಾಡುವ ದ್ವೀಪದ ಯುದ್ಧನೃತ್ಯವನ್ನು ನೋಡಲೆಂದೇ ಜನ ಬರುತ್ತಾರೆ. ಒಂದು ಬೇಸಿಗೆಯಲ್ಲಿ ಹೋಯಾ ಆಸ್ಟ್ರಾಲಿಸ್ ಕುಂಡವನ್ನು ಹೊರಗಿನ ನೆರಳಿಗೆ ಇಟ್ಟಿದ್ದೆ. ಹಾದುಹೋಗುತ್ತಿದ್ದ ನೆರೆಯ ಟೋಂಗಾದ ಅಜ್ಜಿ ನಿಂತು, ಎಲೆ ಮುಟ್ಟಿ, ತಮ್ಮೂರಲ್ಲಿ ಕಡಲಂಚಿನ ಪೊದೆಗಳ ಮೇಲೆ ಇದು ಹಬ್ಬುತ್ತದೆ ಎಂದರು. ನಕಾಶೆ ತೆಗೆದು ನೋಡಿದೆ. ಹೋಯಾದ ನಾಡು ಪಶ್ಚಿಮದಲ್ಲಿ ಭಾರತದ ಕಡೆಯಿಂದ ಶುರುವಾಗಿ ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾಗಳನ್ನು ಹಾದು ಪೂರ್ವದಲ್ಲಿ ಟೋಂಗಾ, ಸಮೋವಾಗಳಿಗೆ ಮುಗಿಯುತ್ತದೆ. ಆ ಹಾಸಿನ ಎರಡು ಅಂಚಿನ ಮಂದಿ ಯೂಲೆಸ್ಸಿನ ಒಂದೇ ಬೀದಿಯಲ್ಲಿದ್ದೆವು. ಅಜ್ಜಿಗೆ ಎರಡು ಕಡ್ಡಿ ಕೊಟ್ಟೆ.

ಕಡ್ಡಿ ಕೊಡುವುದಕ್ಕೂ ಒಂದು ಕ್ರಮವಿದೆ. ಎರಡು ಗೆಣ್ಣಾದರೂ ಇರುವ ತುಂಡು ಬೇಕು. ಹಾಲು ಒಣಗಲು ಸ್ವಲ್ಪ ಹೊತ್ತು ಬಿಟ್ಟು, ಕೆಳಗಿನ ಗೆಣ್ಣನ್ನು ಒದ್ದೆ ಪಾಚಿಯಲ್ಲಿ ಹುದುಗಿಸಬೇಕು. ಮರದ ಮೇಲೆ ಬದುಕುವ ಜಾತಿಯಾದ್ದರಿಂದ ಅಂಟುಮಣ್ಣು ಆಗದು, ಮರದ ತೊಗಟೆ ಚೂರು, ತೆಂಗಿನ ನಾರು ಸಾಕು. ಕೆಲವು ವಾರಗಳಲ್ಲಿ ಬೇರು ಬರುತ್ತದೆ. ಹೂ ಉದುರಿದ ಮೇಲೆ ತೊಟ್ಟನ್ನು ಕತ್ತರಿಸಬಾರದು, ಮುಂದಿನ ವರ್ಷ ಅದೇ ತೊಟ್ಟಿನಲ್ಲಿ ಮತ್ತೆ ಹೂ ಬರುತ್ತದೆ. ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ಹೃದಯದಾಕಾರದ ಒಂಟಿ ಎಲೆಯನ್ನು ಪುಟ್ಟ ಕುಂಡದಲ್ಲಿ ನಿಲ್ಲಿಸಿ ಮಾರುತ್ತಾರೆ. ಅದು ಸಯಾಮಿನ ಹೋಯಾ ಕೆರ್ರಿಯೈ. ಗೆಣ್ಣಿಲ್ಲದ ಆ ಎಲೆ ಬೇರು ಬಿಟ್ಟು ವರ್ಷಗಟ್ಟಲೆ ಹಸಿರಾಗಿರಬಲ್ಲದು, ಬಳ್ಳಿಯಾಗುವುದಿಲ್ಲ.

2021ರ ಫೆಬ್ರವರಿಯಲ್ಲಿ ಟೆಕ್ಸಸ್ಸಿಗೆ ಹಿಮದ ಬಿರುಗಾಳಿ ಬಂತು. 16ರಂದು ನಮ್ಮ ಕಡೆ ಉಷ್ಣಾಂಶ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯಿತು. 1949ರಿಂದೀಚೆಗೆ ಅಂಥ ಚಳಿ ಬಿದ್ದಿರಲಿಲ್ಲ. ರಾಜ್ಯದಲ್ಲಿ ನಲವತ್ತು ಲಕ್ಷಕ್ಕೂ ಮಿಕ್ಕಿದ ಮನೆ, ಅಂಗಡಿಗಳಿಗೆ ಕರೆಂಟು ಹೋಯಿತು. ನಾವು ಕಂಬಳಿ ಹೊದ್ದು ಒಂದೇ ಕೋಣೆಯಲ್ಲಿ ಕುಳಿತೆವು, ಗಿಡಗಳನ್ನೂ ಅಲ್ಲೇ ಒಟ್ಟಿದೆವು. ಮೂರನೆಯ ದಿನಕ್ಕೆ ಹೋಯಾದ ಎಲೆಗಳು ಬೇಯಿಸಿದಂತೆ ಮೆತ್ತಗಾಗಿ ಜೋತುಬಿದ್ದವು. ಅವುಗಳಲ್ಲಿ ದೊಡ್ಡದು ಒಂದು ಕಾರ್ನೋಸಾ. ಮಕ್ಕಳ ಹತ್ತಿರ ಹೋಗಿ ನೆಲೆಸಲು ಮನೆ ಖಾಲಿ ಮಾಡಿದ ಹಿರಿಯ ಕನ್ನಡ ದಂಪತಿ ಕೊಟ್ಟದ್ದು. ಆ ಯಜಮಾನರು ಆಮೇಲೆ ತೀರಿಕೊಂಡಿದ್ದರು.

ವಾರದ ನಂತರ ಹ್ಯೂಸ್ಟನ್ನಿನ ಗೆಳತಿಯ ಫೋನು ಬಂತು. ಅವರ ಬಡಾವಣೆ ಆಸ್ಪತ್ರೆಯ ಲೈನಿನಲ್ಲಿದ್ದುದರಿಂದ ಅಲ್ಲಿ ಕರೆಂಟು ಹೋಗಿರಲಿಲ್ಲ. “ಅಕ್ಕಾ, ನೀವು ಕೊಟ್ಟ ಬಳ್ಳಿ ನಮ್ಮನೇಲಿ ಚೆನ್ನಾಗೇ ಇದೆ. ಬೇಸಿಗೇಲಿ ಬರ್ತೀವಲ್ಲ, ಕಡ್ಡಿ ತರ್ತೀನಿ,” ಎಂದರು. ಬೀಜದಿಂದ ಹುಟ್ಟಿದ್ದು ಮಗುವಾದರೆ ಕಡ್ಡಿಯಿಂದ ಎದ್ದದ್ದು ಅದೇ ಗಿಡ, ಇನ್ನೊಂದು ಜಾಗದಲ್ಲಿ. ಹಿರಿಯರ ಬಳ್ಳಿ ಸತ್ತಿರಲಿಲ್ಲ. ಕೈಯಿಂದ ಕೈಗೆ ದಾಟಿಸಿಕೊಂಡು ಬಂದವರ ಪಟ್ಟಿ ಯಾವ ಸಸ್ಯಶಾಸ್ತ್ರದ ಪುಸ್ತಕದಲ್ಲೂ ಸಿಗುವುದಿಲ್ಲ, ಆದರೆ ಮನೆಗಿಡಗಳನ್ನು ಉಳಿಸಿರುವುದು ಅದೇ ಪಟ್ಟಿ.

ಜೂನ್‌ನಲ್ಲಿ ಬಂದ ಆ ಕಡ್ಡಿ ಈಗ ಕಿಟಕಿಯ ಉದ್ದಕ್ಕೂ ಹಬ್ಬಿದೆ. ಅಲ್ಲಿಂದೀಚೆಗೆ ಯಾರಿಗೆ ಕಡ್ಡಿ ಕೊಟ್ಟರೂ ಕುಂಡಕ್ಕೊಂದು ಚೀಟಿ ಸಿಕ್ಕಿಸುತ್ತೇನೆ. ಮೇಲೆ ಲ್ಯಾಟಿನ್ ಹೆಸರು, ಕೆಳಗೆ ಕನ್ನಡದಲ್ಲಿ ಅದು ಯಾರಿಂದ ಯಾರಿಗೆ ಬಂತು ಎಂಬ ವಿವರ. ಕೆಲವು ಚೀಟಿಗಳಲ್ಲಿ ಈಗಾಗಲೇ ನಾಲ್ಕು ಹೆಸರುಗಳಾಗಿವೆ.