ಬ್ಯಾಟರಿಗೆ ನೀರು ಹಾಕುವವರು ಯಾರು?

1899ನೇ ಇಸವಿ ಏಪ್ರಿಲ್ 29. ಪ್ಯಾರಿಸ್ ನಗರದ ಹೊರವಲಯದಲ್ಲಿರುವ ಅಶೇರ್ ಎಂಬಲ್ಲಿ, ಫಿರಂಗಿ ಗುಂಡಿಗೆ ನಾಲ್ಕು ಚಕ್ರ ಜೋಡಿಸಿದಂತಿದ್ದ ವಾಹನವೊಂದು ಗಂಟೆಗೆ 105.88 ಕಿಲೋಮೀಟರ್ ವೇಗದಲ್ಲಿ ಓಡಿತು. ರಸ್ತೆಯ ಮೇಲೆ ಗಂಟೆಗೆ ನೂರು ಕಿಲೋಮೀಟರ್ ದಾಟಿದ ಮೊದಲ ಮೋಟಾರು ವಾಹನ ಅದೇ. ನಡೆಸಿದವನು ಬೆಲ್ಜಿಯಂ ದೇಶದ ಕಾಮಿಲ್ ಜೆನಾಟ್ಜಿ. ವಾಹನದ ಹೆಸರು ‘ಲಾ ಜಮೇ ಕೊಂತಾಂತ್’, ಅಂದರೆ ಎಂದೂ ತೃಪ್ತಿಯಿಲ್ಲದವಳು. ಅದರಲ್ಲಿ ಪೆಟ್ರೋಲ್ ಟ್ಯಾಂಕ್ ಇರಲಿಲ್ಲ. ಹೊಗೆ ಕೊಳವೆಯೂ ಇರಲಿಲ್ಲ. ಅದು ಬ್ಯಾಟರಿಯಿಂದ ಓಡುವ ಕಾರು.

ವಿದ್ಯುತ್ ಕಾರು ನಮ್ಮ ಕಾಲದ ಸೃಷ್ಟಿ ಎಂದು ನಂಬಿರುವವರಿಗೆ ಈ ಸಂಗತಿ ಅಚ್ಚರಿ ತಂದೀತು. 1900ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ತಯಾರಾದ 4,192 ಕಾರುಗಳಲ್ಲಿ 1,681 ಉಗಿಯಿಂದ ಓಡುವವು, 1,575 ವಿದ್ಯುತ್ತಿನವು. ಪೆಟ್ರೋಲಿನವು ಬರೀ 936. ಆದರೂ ಮುಂದಿನ ಕಾಲು ಶತಮಾನದೊಳಗೆ ವಿದ್ಯುತ್ ಕಾರು ಬಹುಮಟ್ಟಿಗೆ ಕಣ್ಮರೆಯಾಯಿತು. ಪೆಟ್ರೋಲ್ ಅಗ್ಗವಾಯಿತು, ಫೋರ್ಡ್ ಕಂಪನಿ ಅಗ್ಗದ ಕಾರು ತಂದಿತು, ಅಷ್ಟೇ ಎಂಬುದು ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ವಿದ್ಯುತ್ ಕಾರಿನ ಮೋಟಾರು ಆಗಲೇ ಗಟ್ಟಿಮುಟ್ಟಾಗಿತ್ತು. ಅದು ಸೋತದ್ದು ರಸ್ತೆಯ ಮೇಲಲ್ಲ, ರಾತ್ರಿ ಹೊತ್ತು ಷೆಡ್ಡಿನಲ್ಲಿ. ಬ್ಯಾಟರಿಯ ಆರೈಕೆ ಯಾರ ಹೊಣೆ ಎಂಬ ಪ್ರಶ್ನೆಯ ಮುಂದೆ.

ಈ ಬ್ಯಾಟರಿಯ ಮೂಲಪುರುಷ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ. 1859ರಲ್ಲಿ ಆತ ಎರಡು ಸೀಸದ ಹಾಳೆಗಳ ನಡುವೆ ಬಟ್ಟೆಯ ಪಟ್ಟಿ ಇಟ್ಟು, ಚಾಪೆಯಂತೆ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿದ. ವಿದ್ಯುತ್ತನ್ನು ತುಂಬಿಟ್ಟು ಬೇಕಾದಾಗ ತೆಗೆಯಬಹುದಾದ, ಮತ್ತೆ ತುಂಬಬಹುದಾದ ಮೊದಲ ಬ್ಯಾಟರಿ ಅದು. 1881ರಲ್ಲಿ ಕಾಮಿಲ್ ಫೋರ್ ಎಂಬಾತ ಸೀಸದ ಆಕ್ಸೈಡನ್ನು ಲೇಪದಂತೆ ಮೆತ್ತಿ ಅದರ ಸಾಮರ್ಥ್ಯವನ್ನು ಬಹಳವಾಗಿ ಹೆಚ್ಚಿಸಿದ. ಅದೇ ವರ್ಷ ಗುಸ್ತಾವ್ ತ್ರೂವೆ ಪ್ಯಾರಿಸ್ಸಿನ ಬೀದಿಯಲ್ಲಿ ಬ್ಯಾಟರಿಯ ಮೂರು ಚಕ್ರದ ಗಾಡಿ ಓಡಿಸಿ ತೋರಿಸಿದ.

ಸೀಸದ ಬ್ಯಾಟರಿಯ ಸ್ವಭಾವ ವಿಚಿತ್ರ. ಅದರಿಂದ ವಿದ್ಯುತ್ ತೆಗೆದಂತೆಲ್ಲ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗನೆ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ಖಾಲಿ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಂದಿನ ಕಸುವು ಬಾರದು. ಇತ್ತ ಚಾರ್ಜು ಅತಿಯಾದರೆ ನೀರು ಒಡೆದು ಅನಿಲವಾಗಿ ಹಾರಿಹೋಗುತ್ತದೆ, ಫಲಕಗಳ ಲೇಪ ಕಳಚಿ ತಳ ಸೇರುತ್ತದೆ. ಆದ್ದರಿಂದ ಆಗಾಗ ಬಟ್ಟಿ ಇಳಿಸಿದ ನೀರು ಹಾಕಬೇಕು, ಆಮ್ಲದ ಸಾಂದ್ರತೆ ಅಳೆಯಬೇಕು, ತುದಿಗಳ ಕಿಲುಬು ಒರೆಸಬೇಕು. ಕರೆಯುವ ಹಸುವನ್ನು ಸಾಕಿದಂತೆಯೇ ಸರಿ: ಹೊತ್ತು ಹೊತ್ತಿಗೆ ಹುಲ್ಲು ನೀರು ಕಾಣಿಸದಿದ್ದರೆ ಕೆಚ್ಚಲು ಬತ್ತುತ್ತದೆ.

ಇದರ ಮೇಲೆ ತೂಕದ ಕಾಟ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ಟಿನಷ್ಟು ಶಕ್ತಿ ಅಡಗಿದೆ. ಸೀಸದ ಬ್ಯಾಟರಿಯಲ್ಲಿ ಒಂದೇ ಒಂದು ಯೂನಿಟ್ ಹೊತ್ತೊಯ್ಯಲು ಇಪ್ಪತ್ತೈದು ಕಿಲೋಗೂ ಹೆಚ್ಚು ಭಾರ ಬೇಕು. ಪೆಟ್ರೋಲ್ ಎಂಜಿನ್ ಆ ಶಕ್ತಿಯ ಮುಕ್ಕಾಲು ಪಾಲನ್ನು ಶಾಖವಾಗಿ ಪೋಲು ಮಾಡುತ್ತದೆ, ವಿದ್ಯುತ್ ಮೋಟಾರು ಹತ್ತನೇ ಒಂದು ಪಾಲನ್ನಷ್ಟೇ ಕಳೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಅಂತರ ದೊಡ್ಡದೇ.

1897ರ ಆಗಸ್ಟಿನಲ್ಲಿ ಲಂಡನ್ನಿನ ಬೀದಿಗಳಿಗೆ ವಾಲ್ಟರ್ ಬರ್ಸಿ ಎಂಬ ತರುಣ ರೂಪಿಸಿದ ವಿದ್ಯುತ್ ಬಾಡಿಗೆ ಕಾರುಗಳು ಇಳಿದವು. ಗುಂಯ್‌ಗುಡುತ್ತ ಓಡುತ್ತಿದ್ದ ಅವುಗಳಿಗೆ ಜನ ‘ಹಮ್ಮಿಂಗ್ ಬರ್ಡ್’ ಎಂದು ಹಕ್ಕಿಯ ಹೆಸರನ್ನೇ ಇಟ್ಟರು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 50 ಕಿಲೋಮೀಟರ್ ಓಡುತ್ತಿದ್ದವು. ಆಮೇಲೆ ಲ್ಯಾಂಬೆತ್‌ನಲ್ಲಿದ್ದ ಷೆಡ್ಡಿಗೆ ಮರಳಿ, ಯಂತ್ರದ ಸಹಾಯದಿಂದ ಹಳೆಯ ಬ್ಯಾಟರಿ ಇಳಿಸಿ, ತುಂಬಿದ ಬ್ಯಾಟರಿ ಏರಿಸಿಕೊಂಡು ಹೊರಡಬೇಕಿತ್ತು. ಎರಡು ಟನ್ ತೂಕದ ಗಾಡಿಗೆ ಟೈರುಗಳು ತಡೆಯಲಿಲ್ಲ, ಖರ್ಚು ಗಿಟ್ಟಲಿಲ್ಲ. 1899ರ ಹೊತ್ತಿಗೆ ಹಕ್ಕಿ ಹಾರಿಹೋಗಿತ್ತು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು 1905ರಲ್ಲಿ ಎಂಬುದನ್ನು ನೆನೆದರೆ, ಈ ಪ್ರಯೋಗ ಎಷ್ಟು ಮುಂಚಿನದೆಂಬುದು ತಿಳಿಯುತ್ತದೆ.

ನ್ಯೂಯಾರ್ಕಿನಲ್ಲೂ ಅದೇ 1897ರಲ್ಲಿ ಇಂಥ ಕ್ಯಾಬುಗಳು ಓಡತೊಡಗಿದವು. ಅರ್ಧ ಟನ್ ತೂಗುವ ಬ್ಯಾಟರಿಯನ್ನು ನಿಮಿಷಗಳಲ್ಲಿ ಬದಲಿಸುವ ಏರ್ಪಾಟು ಅಲ್ಲಿತ್ತು. ನುರಿತ ಕೆಲಸಗಾರರು ಇದ್ದಷ್ಟು ಕಾಲ ಕಾರುಗಳು ಚೆನ್ನಾಗಿಯೇ ಓಡಿದವು. ಕಂಪನಿ ಆಸೆಪಟ್ಟು ಬೇರೆ ನಗರಗಳಿಗೂ ಹಬ್ಬಿಸಿದಾಗ ಅನುಭವವಿಲ್ಲದ ಕೈಗಳಲ್ಲಿ ಬ್ಯಾಟರಿಗಳು ಬೇಗ ಬೇಗ ಕೆಟ್ಟವು.

ಮನೆಗೆಂದು ಕಾರು ಕೊಂಡವರ ಪಾಡು ಇನ್ನೊಂದು ಬಗೆ. ಬ್ಯಾಟರಿಗೆ ಏಕಮುಖ ವಿದ್ಯುತ್ ಬೇಕು. ಹಲವು ಬಡಾವಣೆಗಳಿಗೆ ಬರುತ್ತಿದ್ದುದು ಎ.ಸಿ. ವಿದ್ಯುತ್. 1902ರಲ್ಲಿ ಪೀಟರ್ ಕೂಪರ್ ಹೆವಿಟ್ ಕಂಡುಹಿಡಿದ, ಪಾದರಸದ ಆವಿ ತುಂಬಿದ ಗಾಜಿನ ಬುರುಡೆ ಒಂದನ್ನು ಇನ್ನೊಂದಾಗಿ ಬದಲಿಸಿ ಕೊಡುತ್ತಿತ್ತು. ಸಿರಿವಂತರ ಗ್ಯಾರೇಜುಗಳಲ್ಲಿ ಅದು ರಾತ್ರಿಯಿಡೀ ನೀಲಿ ಹಸಿರು ಬೆಳಕು ಚೆಲ್ಲುತ್ತ ಉರಿಯುತ್ತಿತ್ತು. ಸ್ವಂತ ಗ್ಯಾರೇಜು ಇಲ್ಲದವರು ಸಾರ್ವಜನಿಕ ಗ್ಯಾರೇಜಿನಲ್ಲಿ ಬಿಡಬೇಕಿತ್ತು. ಅಲ್ಲಿನ ಆಳು ನಿದ್ದೆಗೆ ಜಾರಿ ಚಾರ್ಜು ಅತಿಯಾದರೆ ನಷ್ಟ ಮಾತ್ರ ಮಾಲೀಕನದು.

ಆದರೂ ವಿದ್ಯುತ್ ಕಾರಿಗೆ ತನ್ನದೇ ಅಭಿಮಾನಿಗಳಿದ್ದರು. ಪೆಟ್ರೋಲ್ ಕಾರನ್ನು ಮುಂದಿನ ಹಿಡಿಕೆ ತಿರುವಿಯೇ ಹೊರಡಿಸಬೇಕಿದ್ದ ಕಾಲವದು. ಹಿಡಿಕೆ ಹಿಮ್ಮೊಗವಾಗಿ ಬಡಿದು ಕೈ ಮುರಿಯುತ್ತಿದ್ದುದೂ ಉಂಟು. ವಿದ್ಯುತ್ ಕಾರಿಗೆ ಆ ಗೊಡವೆಯಿಲ್ಲ. ಹೀಗಾಗಿ ಅದನ್ನು ಹೆಂಗಸರ ಕಾರು ಎಂದೇ ಜಾಹೀರಾತು ಮಾಡಿದರು. ಲಕ್ಷಗಟ್ಟಲೆ ಪೆಟ್ರೋಲ್ ಕಾರು ಮಾರಿದ ಹೆನ್ರಿ ಫೋರ್ಡರ ಪತ್ನಿ ಕ್ಲಾರಾ ಓಡಿಸುತ್ತಿದ್ದುದು 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರನ್ನು! ಅದನ್ನು ಫೋರ್ಡ್ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿ ಇಟ್ಟಿದ್ದಾರೆ.

ಆರೈಕೆಯ ಕಾಟವೇ ಇಲ್ಲದ ಬ್ಯಾಟರಿ ಮಾಡಹೊರಟವರು ಥಾಮಸ್ ಎಡಿಸನ್. ಸೀಸದ ಬದಲು ನಿಕ್ಕಲ್ ಮತ್ತು ಕಬ್ಬಿಣ, ಆಮ್ಲದ ಬದಲು ಕ್ಷಾರ. ಮೊದಲ ಮಾದರಿ ಸೋರತೊಡಗಿ 1904ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಹಟ ಬಿಡದೆ ದುಡಿದ ಎಡಿಸನ್ 1909ರ ವೇಳೆಗೆ ಸುಧಾರಿಸಿದ ಮಾದರಿ ತಂದರು. ಖಾಲಿಯಾಗಿ ಬಿಟ್ಟರೂ ಕೆಡದ, ದಶಕಗಟ್ಟಲೆ ಬಾಳುವ ಬ್ಯಾಟರಿ ಅದು. ಆದರೆ ಬೆಲೆ ವಿಪರೀತ, ಚಳಿಯಲ್ಲಿ ಮಂಕು. 1912ರಲ್ಲಿ ವಿದ್ಯುತ್ ಕಾರಿನ ಬೆಲೆ ಸುಮಾರು 1,750 ಡಾಲರ್ ಇದ್ದರೆ ಪೆಟ್ರೋಲ್ ಕಾರು 650 ಡಾಲರಿಗೆ ಸಿಗುತ್ತಿತ್ತು. ಅದೇ ವರ್ಷ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂತು. ಹಿಡಿಕೆ ತಿರುವುವ ಕಷ್ಟ ತಪ್ಪಿತು. ತಮಾಷೆಯೆಂದರೆ ಆ ಸ್ಟಾರ್ಟರಿಗೂ ಒಂದು ಸೀಸದ ಬ್ಯಾಟರಿ ಬೇಕಿತ್ತು. ಹೀಗೆ ವಿದ್ಯುತ್ ಕಾರನ್ನು ಸೋಲಿಸಿದ ಪ್ರತಿ ಪೆಟ್ರೋಲ್ ಕಾರಿನ ಬಾನೆಟ್ಟಿನೊಳಗೂ ಅದರದೇ ಬ್ಯಾಟರಿಯ ಮರಿಯೊಂದು ಸೇರಿಕೊಂಡಿತು.

ಇಷ್ಟಾದರೂ ಎರಡು ಕಡೆ ಬ್ಯಾಟರಿ ಗಾಡಿ ಗೆದ್ದಿತು. ಆ ಗೆಲುವಿನ ಗುಟ್ಟೇ ಈ ಕತೆಯ ತಿರುಳು. ಅಮೆರಿಕದ ಹಾರ್ಟ್‌ಫರ್ಡ್ ಊರಿನ ವಿದ್ಯುತ್ ಕಂಪನಿ 1912ರಿಂದ 1924ರವರೆಗೆ ಒಂದು ಯೋಜನೆ ನಡೆಸಿತು. ಗಿರಾಕಿ ಲಾರಿಯನ್ನು ಬ್ಯಾಟರಿಯಿಲ್ಲದೆ ಕೊಳ್ಳಬೇಕು. ಬ್ಯಾಟರಿ ಕಂಪನಿಯದೇ, ಖಾಲಿಯಾದಾಗ ಬದಲಿಸಿ ಕೊಡುವುದೂ, ಆರೈಕೆ ಮಾಡುವುದೂ ಅದರದೇ ಹೊಣೆ. ಗಿರಾಕಿ ಕೊಡಬೇಕಾದ್ದು ತಿಂಗಳ ಬಾಡಿಗೆ ಮತ್ತು ಓಡಿದ ಮೈಲಿಗೆ ಇಷ್ಟು ಎಂದು. ಎರಡನೆಯದು ಇಂಗ್ಲೆಂಡಿನ ಹಾಲಿನ ಗಾಡಿ. ಬೆಳಗಿನ ಜಾವ ಸದ್ದಿಲ್ಲದೆ ಮನೆ ಮನೆಗೆ ಹಾಲಿನ ಬಾಟಲಿ ಹಂಚುವ ಸಾವಿರಾರು ವಿದ್ಯುತ್ ಗಾಡಿಗಳು ಅಲ್ಲಿ ದಶಕಗಳ ಕಾಲ ಓಡಿದವು. ಬ್ಯಾಟರಿ ಅದೇ ಹಳೆಯ ಸೀಸದ್ದು. ಆದರೆ ದಿನವೂ ಅದೇ ದಾರಿ, ಅಷ್ಟೇ ದೂರ. ಮರಳಿ ಬರುವುದು ಅದೇ ಡಿಪೋಗೆ. ಅಲ್ಲಿ ಪ್ಲಗ್ ಚುಚ್ಚಲು, ನೀರು ಹಾಕಲು ಗೊತ್ತಾದ ಆಳು.

ಬೆಂಗಳೂರಿನ ಪಾಲು ಬರುವುದು ಇಲ್ಲಿ. 2001ರಲ್ಲಿ ಚೇತನ್ ಮೈನಿ ಅವರ ನೇತೃತ್ವದ ಕಂಪನಿ ‘ರೇವಾ’ ಎಂಬ ಪುಟ್ಟ ಕಾರನ್ನು ಬೆಂಗಳೂರಿನಿಂದ ಮಾರುಕಟ್ಟೆಗೆ ಬಿಟ್ಟಿತು. ಎರಡು ಬಾಗಿಲು, ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಮುಂದಿನ ಸೀಟಿನ ಕೆಳಗೆ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು. ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಚುಚ್ಚಿದರೆ ಸಾಕು, 80 ಕಿಲೋಮೀಟರ್ ಓಟ ಎಂದು ಕಂಪನಿಯ ಭರವಸೆ. 2004ರಿಂದ ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಿತು. ಅಲ್ಲಿ ಪೇಟೆಯೊಳಗಿನ ವಾಹನ ದಟ್ಟಣೆಯ ಶುಲ್ಕದಿಂದ ವಿನಾಯಿತಿ ಇದ್ದುದೇ ದೊಡ್ಡ ಆಕರ್ಷಣೆ. ಆದರೆ ಹಳೆಯ ಪ್ರಶ್ನೆ ಬೆನ್ನು ಬಿಡಲಿಲ್ಲ. ಆಗಾಗ ಬಟ್ಟಿ ಇಳಿಸಿದ ನೀರು ತುಂಬಬೇಕು, ಪೂರ್ತಿ ಬರಿದಾಗಲು ಬಿಡಬಾರದು, ಕೆಲವು ವರ್ಷಗಳಿಗೊಮ್ಮೆ ಇಡೀ ಬ್ಯಾಟರಿ ಗುಂಪನ್ನೇ ಬದಲಿಸಬೇಕು. ಹತ್ತು ವರ್ಷಗಳಲ್ಲಿ ದೇಶ ವಿದೇಶ ಸೇರಿ ಮಾರಾಟವಾದದ್ದು ನಾಲ್ಕು ಸಾವಿರದ ಆಸುಪಾಸು. 2009ರಲ್ಲಿ ಲಿಥಿಯಂ ಬ್ಯಾಟರಿಯ ರೇವಾ ಬಂತು. 2010ರಲ್ಲಿ ಕಂಪನಿ ಮಹೀಂದ್ರ ಸಂಸ್ಥೆಯ ವಶವಾಯಿತು. ಸಂಖ್ಯೆಯಿಂದ ಅಳೆದರೆ ಇದು ಸಣ್ಣ ಸಾಧನೆ. ಆದರೆ ಜಗತ್ತಿನ ದೊಡ್ಡ ಕಂಪನಿಗಳು ಕೈಚೆಲ್ಲಿ ಕುಳಿತಿದ್ದ ಹೊತ್ತಿನಲ್ಲಿ ಜನರ ಮನೆಯಂಗಳಕ್ಕೆ ವಿದ್ಯುತ್ ಕಾರನ್ನು ಮುಟ್ಟಿಸಿದ ಸಾಹಸ ಸಣ್ಣದೆನ್ನಲಾಗದು.

ಲಿಥಿಯಂ ಅಯಾನ್ ಬ್ಯಾಟರಿ 1991ರಲ್ಲಿ ಸೋನಿ ಕಂಪನಿಯ ಮೂಲಕ ಮಾರುಕಟ್ಟೆಗೆ ಬಂದದ್ದು ಕೈಯಲ್ಲಿ ಹಿಡಿಯುವ ಕ್ಯಾಮೆರಾಗಳಂಥ ಉಪಕರಣಗಳಿಗಾಗಿ. ಅದರ ಹಿಂದಿನ ಸಂಶೋಧನೆಗೆ ವಿಟಿಂಗ್‌ಹ್ಯಾಮ್, ಗುಡ್‌ಇನಫ್ ಮತ್ತು ಯೊಶಿನೊ 2019ರ ನೊಬೆಲ್ ಪಡೆದರು. ಇಂದು ಭಾರತದ ಹಲವು ಕಾರುಗಳಲ್ಲಿರುವುದು ಕಬ್ಬಿಣದ ಫಾಸ್ಫೇಟ್ ಬಳಸುವ, ಹೆಚ್ಚು ಸುರಕ್ಷಿತವಾದ ಬಗೆ. ಅದನ್ನು ಲೋಕಕ್ಕೆ ಪರಿಚಯಿಸಿದ 1997ರ ಪ್ರಬಂಧದಲ್ಲಿ ಗುಡ್‌ಇನಫ್ ಅವರ ಜೊತೆಗಿರುವ ಎರಡು ಹೆಸರುಗಳು ಪಾಢಿ ಮತ್ತು ನಂಜುಂಡಸ್ವಾಮಿ.

ಲಿಥಿಯಂ ಬ್ಯಾಟರಿಗೆ ನೀರು ಹಾಕಬೇಕಿಲ್ಲ. ಒಂದೊಂದು ಕೋಶದ ವೋಲ್ಟೇಜು, ಶಾಖವನ್ನು ಕಾರಿನೊಳಗಿನ ಪುಟ್ಟ ಕಂಪ್ಯೂಟರೇ ಕಾಯುತ್ತದೆ. ಹಾರ್ಟ್‌ಫರ್ಡಿನ ಆಳನ್ನು ಕಾರಿನೊಳಗೇ ಕೂರಿಸಿಕೊಂಡಂತೆ. ಆದರೂ ಮಾಲೀಕ ಬಲ್ಲ ಕೆಲವು ಸಂಗತಿಗಳಿವೆ. ಈ ಬ್ಯಾಟರಿಯ ದೊಡ್ಡ ಶತ್ರು ಶಾಖ. ಪೂರ್ತಿ ತುಂಬಿದ ಬ್ಯಾಟರಿಯನ್ನು ಬಿರುಬಿಸಿಲಲ್ಲಿ ದಿನಗಟ್ಟಲೆ ನಿಲ್ಲಿಸುವುದು ಒಳ್ಳೆಯದಲ್ಲ; ತೀರ ಬರಿದು ಮಾಡಿ ಬಿಡುವುದೂ ಅಷ್ಟೇ. ನಿತ್ಯದ ಓಡಾಟಕ್ಕೆ ಶೇಕಡ 20ರಿಂದ 80ರ ನಡುವೆ ಇದ್ದರೆ ಅದಕ್ಕೆ ಹಿತ. ಕಬ್ಬಿಣದ ಫಾಸ್ಫೇಟ್ ಬಗೆಯನ್ನು ಮಾತ್ರ ಆಗೊಮ್ಮೆ ಈಗೊಮ್ಮೆ ಪೂರ್ತಿ ತುಂಬಬೇಕು. ಇಲ್ಲದಿದ್ದರೆ ಎಷ್ಟು ಉಳಿದಿದೆಯೆಂಬ ಕಂಪ್ಯೂಟರಿನ ಲೆಕ್ಕ ತಪ್ಪುತ್ತದೆ. ಹೆದ್ದಾರಿಯ ವೇಗದ ಚಾರ್ಜರು ಶೇಕಡ 80ರ ನಂತರ ನಿಧಾನವಾಗುವುದು ಯಂತ್ರದ ದೋಷವಲ್ಲ, ಬ್ಯಾಟರಿಯನ್ನು ಕಾಪಾಡುವ ಉಪಾಯ. ಸಿನಿಮಾ ಶುರುವಾಗುವಾಗ ಚಿತ್ರಮಂದಿರದ ಸೀಟುಗಳು ಸರಸರನೆ ತುಂಬಿ, ಕೊನೆಯ ನಾಲ್ಕಾರು ಸೀಟು ಹುಡುಕಲು ಹೊತ್ತು ಹಿಡಿಯುವುದಿಲ್ಲವೇ, ಹಾಗೆ.

ಕಂಪನಿ ಹೇಳುವ ದೂರ ರಸ್ತೆಯಲ್ಲಿ ಸಿಗದು ಎಂಬ ದೂರಿಗೂ ಕಾರಣವಿದೆ. ವೇಗ ಹೆಚ್ಚಿದಂತೆ ಗಾಳಿಯ ತಡೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಹೀಗಾಗಿ ಪೇಟೆಯ ನಿಲ್ಲು-ಓಡು ಸಂಚಾರದಲ್ಲಿ, ಬ್ರೇಕಿನ ಶಕ್ತಿಯನ್ನೂ ಮರಳಿ ಪಡೆಯುವ ವಿದ್ಯುತ್ ಕಾರು ಹೆದ್ದಾರಿಗಿಂತ ಹೆಚ್ಚು ದೂರ ಹೋಗುತ್ತದೆ. ಪೆಟ್ರೋಲ್ ಕಾರಿನ ಅಭ್ಯಾಸವಿದ್ದವರಿಗೆ ಇದು ತಲೆಕೆಳಗಾದ ಲೆಕ್ಕ.

ಹಾಗಾದರೆ ಹಳೆಯ ಪ್ರಶ್ನೆ ಬಗೆಹರಿಯಿತೇ? ಅರ್ಧ ಮಾತ್ರ. ಆರೈಕೆಯ ಹೊಣೆ ಕಂಪ್ಯೂಟರಿಗೆ ಹೋಯಿತು. ಚಾರ್ಜ್ ಮಾಡುವ ಜಾಗ ಯಾರದೆಂಬುದು ಉಳಿಯಿತು. 15 ಆಂಪಿಯರ್ ಸಾಕೆಟ್ಟಿನಲ್ಲಿ ಗಂಟೆಗೆ ಸುಮಾರು 3 ಯೂನಿಟ್ ಹರಿಯುತ್ತದೆ; 30 ಯೂನಿಟ್ಟಿನ ಬ್ಯಾಟರಿ ತುಂಬಲು ಒಂದು ರಾತ್ರಿಯೇ ಬೇಕು. ಸ್ವಂತ ಮನೆ, ಸ್ವಂತ ಮೀಟರು ಇರುವವರಿಗೆ ಇದು ಸಲೀಸು. ವಠಾರದಲ್ಲಿ ಇರುವವರು, ಬೀದಿಯಲ್ಲಿ ಕಾರು ನಿಲ್ಲಿಸುವವರು, ಅಪಾರ್ಟ್‌ಮೆಂಟಿನ ಸಂಘದ ಒಪ್ಪಿಗೆಗೆ ಕಾಯುವವರು 1910ರ ಗ್ಯಾರೇಜಿಲ್ಲದ ಅಮೆರಿಕನ್ನನ ಸ್ಥಿತಿಯಲ್ಲೇ ಇದ್ದಾರೆ. 2017ರಲ್ಲಿ ದೇಶದಲ್ಲೇ ಮೊದಲಿಗೆ ವಿದ್ಯುತ್ ವಾಹನ ನೀತಿ ತಂದ ರಾಜ್ಯ ಕರ್ನಾಟಕ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಹೊಣೆ ಬೆಸ್ಕಾಂ ಪಾಲಿಗೆ ಬಂದಿದೆ.

ಇನ್ನು ಬ್ಯಾಟರಿ ಕೆಟ್ಟರೆ ಗತಿಯೇನು ಎಂಬ ಅಂಜಿಕೆ. ಅದಕ್ಕೂ ಒಂದು ಉತ್ತರ ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಎಂ.ಜಿ. ವಿಂಡ್ಸರ್ ಕಾರನ್ನು ಬ್ಯಾಟರಿಯ ಬೆಲೆ ಬಿಟ್ಟು ಕೊಳ್ಳುವ ಅವಕಾಶವಿತ್ತು. ಬ್ಯಾಟರಿಗೆ ಬಾಡಿಗೆ, ಓಡಿದ ಕಿಲೋಮೀಟರಿಗೆ ಮೂರೂವರೆ ರೂಪಾಯಿ. ಇದನ್ನು ಹೊಚ್ಚ ಹೊಸ ಕಲ್ಪನೆಯೆಂದು ಹಲವರು ಬಣ್ಣಿಸಿದರು. ಹಾರ್ಟ್‌ಫರ್ಡಿನ ಲಾರಿ ಮಾಲೀಕನಿಗೆ ಅದು ಹೊಸದೆನಿಸುತ್ತಿರಲಿಲ್ಲ.