ಬೇಲೂರಿನ ಬೇಟೆಗಾರ್ತಿ, ಎಂಗ್ಳ ದೋಟಿ

ಅಕ್ಕಂದಿರೇ, ಬೇಲೂರು ಚೆನ್ನಕೇಶವ ದೇವಸ್ಥಾನದಲ್ಲಿ ಬಿಲ್ಲು ಹಿಡಿದು ಬೇಟೆಗೆ ಹೊರಟ ಶಿಲಾಬಾಲಿಕೆ ನೋಡಿದ್ರಲ್ದಾ? ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿ ಅದು. ಬೇಟೆ ಗಂಡಸರದ್ದೇ ಹೇಳವ್ಕೆ ಅವಳೇ ಉತ್ತರ.

ಆದ್ರೆ ಅಭ್ಯಾಸದ ಸಪೂರ ಮೊನೆ ಬಾಣ ಹೋದಂಗೆ ಬೇಟೆಯ ಅಗಲ ಅಲಗಿನ ಬಾಣ ಹೋಗ್ತಿಲ್ಲೆ. ಅಲಗಿಗೆ ಗಾಳಿ ಹೊಡೆದು ದಿಕ್ಕು ತಪ್ಪುತ್ತು. ಅದ್ಕೇ ಅಲಗು ಕೋಲಿನ ನೇರಕ್ಕೇ ಕೂರವು. ದೋಟಿಯ ಕತ್ತಿ ಸೊಟ್ಟಾದ್ರೆ ಕೊನೆಗೆ ಸರಿ ತಾಗ್ತಿಲ್ಲೆ ಅಲ್ದಾ, ಹಂಗೇಯ. ಅಭ್ಯಾಸದ ಮೊನೆಯಷ್ಟೇ ತೂಕ ಇರವು. ಹಿಂದೆ ದೊಡ್ಡ ಗರಿ ಬೇಕು, ಬಾಣವ ನೇರ ಹಿಡಿಯದು ಅದೇಯ. ಗರಿಯ ಬೆಲೆ ಹಳಬರಿಗೆ ಗೊತ್ತಿತ್ತು: ಕಂಕ ಹಕ್ಕಿ ಗರಿ ಕಟ್ಟಿದ ಬಾಣಕ್ಕೆ ‘ಕಂಕಪತ್ರ’ ಹೇಳೇ ಹೆಸರು.

ಗುರಿ ಚೂರು ತಪ್ಪಿದ್ರೂ ನೋವು ತಿಂಬದು ಪಾಪದ ಪ್ರಾಣಿ. 1972ರ ವನ್ಯಜೀವಿ ಕಾಯ್ದೆ ಬೇಟೆಗೆ ತಡೆ ಹಾಕಿದ್ದು ಒಳ್ಳೇದೇ ಆತು. ಅವಳ ಬಾಣ ಕಲ್ಲಲ್ಲೇ ಇರಲಿ.