ಸಾಕುಪ್ರಾಣಿಗಳೊಂದಿಗೆ ಕಾರು ಪ್ರಯಾಣ

ನಾಯಿ, ಬೆಕ್ಕುಗಳನ್ನು ಗಾಯ, ಭಯ, ಉಷ್ಣಾಘಾತಗಳಿಗೆ ಈಡಾಗದಂತೆ ಕಾರಿನಲ್ಲಿ ಕರೆದೊಯ್ಯುವ ಕ್ರಮ. ಅಪಾಯಗಳಲ್ಲಿ ಅತಿ ಘೋರವಾದದ್ದು ಬಿಸಿ. ನಾಯಿ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಹೊರಗೆ ಹಿತವಾದ 25 ಡಿಗ್ರಿ ಸೆಲ್ಸಿಯಸ್ ಇದ್ದರೂ ಬಿಸಿಲಲ್ಲಿ ನಿಂತ ಕಾರಿನ ಒಳಗೆ ಒಂದು ಗಂಟೆಯಲ್ಲಿ 45 ಡಿಗ್ರಿ ಮುಟ್ಟಬಲ್ಲದು. ಏರಿಕೆಯ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗುತ್ತದೆ. ಕಿಟಕಿಯ ಗಾಜನ್ನು ಬೆರಳಷ್ಟು ಇಳಿಸಿಟ್ಟರೆ ಸಾಕೆಂಬ ನಂಬಿಕೆ ಜೀವಕ್ಕೆ ಎರವಾಗುತ್ತದೆ. ಪಗ್‌ನಂಥ ಚಪ್ಪಟೆ ಮೂತಿಯ ತಳಿಗಳು ಇನ್ನೂ ಬೇಗ ಸೋಲುತ್ತವೆ. ತೀವ್ರ ಏದುಸಿರು, ಅಂಟು ಜೊಲ್ಲು, ತೂರಾಟ ಕಂಡರೆ ನೆರಳಿಗೆ ತಂದು, ಮೈಗೆ ತಣ್ಣೀರು ಸುರಿದು, ಗಾಳಿ ಬೀಸುತ್ತ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಬೆಕ್ಕಿಗೆ ಗಾಳಿಯಾಡುವ ಗಟ್ಟಿ ಪೆಟ್ಟಿಗೆಯೇ ಸರಿ. ಬೆದರಿದ ಬೆಕ್ಕು ಬ್ರೇಕ್ ಪೆಡಲಿನ ಅಡಿ ನುಸುಳಬಹುದು. ಕೆಲವು ವಾರ ಮೊದಲೇ ಪೆಟ್ಟಿಗೆಯನ್ನು ಮನೆಯಲ್ಲಿ ತೆರೆದಿಟ್ಟು ಅದರಲ್ಲೇ ಊಟ ಹಾಕಿದರೆ ಹೆದರಿಕೆ ತಗ್ಗುತ್ತದೆ. ನಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಎದೆಪಟ್ಟಿಯನ್ನು ಸೀಟ್‌ಬೆಲ್ಟಿಗೆ ಜೋಡಿಸಬೇಕು. ಕೊರಳಪಟ್ಟಿಗೆ ಕಟ್ಟಿದರೆ ದಿಢೀರ್ ಬ್ರೇಕಿನ ಏಟೆಲ್ಲ ಕತ್ತಿನ ಮೇಲೆ ಬೀಳುತ್ತದೆ.

ಚಾರ್ಮಾಡಿ, ಆಗುಂಬೆಯಂಥ ಘಾಟಿಗಳ ತಿರುವುಗಳಲ್ಲಿ ಮರಿಗಳು ವಾಂತಿ ಮಾಡಿಕೊಳ್ಳುವುದು ಸಾಮಾನ್ಯ. ಹೊರಡುವ ಕೆಲವು ಗಂಟೆ ಮೊದಲೇ ಊಟ ನಿಲ್ಲಿಸುವುದು ಒಳ್ಳೆಯದು; ನೀರು ಮಾತ್ರ ನಿಲ್ಲಿಸಬಾರದು. ಮನುಷ್ಯರ ಮಾತ್ರೆಗಳನ್ನು ಕೊಡಲೇಕೂಡದು: ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಕ ವಿಷ.

ಭಾರತದಲ್ಲಿ ಅನಗತ್ಯ ನೋವಾಗುವ ರೀತಿಯಲ್ಲಿ ಪ್ರಾಣಿಗಳನ್ನು ಸಾಗಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ಅಪರಾಧ.